ಬೋಣಿಗೆ ಬಂದ ಕತ್ತು

ವಿಭಾ ಮನುಷ್ಯರನ್ನು ಗುರುತಿಸುವುದು ಬೆನ್ನ ಕಡೆಯಿಂದ. ಸಾರಕ್ಕಿ ಮಾರುಕಟ್ಟೆಯ ಜನಜಂಗುಳಿಯಲ್ಲಿ ನಾನು ಸೊಪ್ಪಿನ ಚೀಲ ಹಿಡಿದು ಹೋಗುತ್ತಿದ್ದರೆ ಹಿಂದಿನಿಂದಲೇ, "ಸಾರ್, ಚೀಲ ಇನ್ನೊಂದ್ ಕೈಗೆ!" ಎಂದು ಕೂಗುತ್ತಾಳೆ; ನಾನು ತಿರುಗಿದೆನೋ, ಈ ಮುಖವನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂಬಂತೆ ಒಂದು ಗಳಿಗೆ ತಡವರಿಸುತ್ತಾಳೆ. ಅವಳದೇ ನಡಿಗೆ ಮಾತ್ರ ಓಟಕ್ಕೆ ಹತ್ತಿರದ್ದು. ಜೊತೆಗೆ ನಡೆಯಹೊರಟ ನನ್ನಂಥವರು ಸಿಗ್ನಲ್ಲಿನಲ್ಲಿ ಅವಳು ನಿಂತಾಗಲೇ ಮಾತು ಮುಗಿಸಿಕೊಳ್ಳಬೇಕು.

ಅವಳು ಕೈರೊಪ್ರಾಕ್ಟರ್. ಬೆನ್ನೆಲುಬಿನ ಕೀಲುಗಳನ್ನು ಕೈಯಿಂದಲೇ ಸಡಿಲಿಸಿ ನೋವು ಕಳೆಯುವ ಈ ವಿದ್ಯೆಯನ್ನು ಹೊರದೇಶದಲ್ಲಿ ಕಲಿತು ಬಂದವಳು. ಆ ಬಿರುದು ನಮ್ಮ ಬಡಾವಣೆಯಲ್ಲಿ ಯಾರ ನಾಲಿಗೆಗೂ ಹೊರಳದೆ 'ಲಟಕ್ ಮೇಡಂ' ಆಗಿಬಿಟ್ಟಿದೆ. ಕಟಿಂಗ್ ಶಾಪಿನಲ್ಲಿ ಕತ್ತು ತಿರುಗಿಸಿಕೊಂಡು ಬೆಳೆದ ಊರು ಇದು. ಮೇಲಾಗಿ ಮೊಬೈಲಿನ ತುಂಬ ಮೂಳೆ ಲಟಕ್ಕೆನಿಸುವ ವಿಡಿಯೋಗಳು. ಸದ್ದು ಬಂತೆಂದರೆ ವಾಸಿಯಾಯಿತೆಂದೇ ಎಲ್ಲರ ನಂಬಿಕೆ. ವಿಭಾಳಿಗೋ ಆ ಸದ್ದಿನ ಮೋಹ ಕಂಡರಾಗದು. "ಮೊದ್ಲು ನಡೀರಿ" ಎಂಬುದು ಅವಳ ಪಲ್ಲವಿ. ಯಾರೇ ಬರಲಿ, ಕಾರಿಡಾರಿನಲ್ಲಿ ಬರಿಗಾಲಲ್ಲಿ ನಡೆಸಿ ನೋಡಿ, ಆಮೇಲೆ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಮುಟ್ಟುವವಳು.

ಕೈ ಪಳಗಿತ್ತು, ಬಾಯಿ ಪಳಗಿರಲಿಲ್ಲ. ಜಯನಗರದಲ್ಲಿ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ದುಡಿದವಳು ಸ್ವಂತದ್ದನ್ನು ತೆರೆಯಹೊರಟಾಗ ತನ್ನ ದೊಡ್ಡ ಕೊರತೆ ಯಾವುದೆಂದು ಅವಳಿಗೆ ಗೊತ್ತಿತ್ತು: ಎದುರಿಗಿದ್ದವರಿಗೆ 'ಆಗಲ್ಲ' ಎನ್ನಲಾರಳು. ಅದನ್ನು ಕಲಿಯಲೆಂದು ಕೆರೆಯ ಬಳಿಯ ಕಲ್ಲುಬೆಂಚಿನ ಮೇಲೆ, ವಾಕಿಂಗಿನ ಜೊತೆಗಾರನಾದ ನನ್ನನ್ನು ಕೂರಿಸಿ, "ಸಾರ್, ನೀವು ಜಗಮೊಂಡಿ ಗಿರಾಕಿ, ಶುರು ಮಾಡಿ" ಎನ್ನುತ್ತಿದ್ದಳು. ಆ ಪಾತ್ರಕ್ಕೆ ನಾನು ಹೇಳಿ ಮಾಡಿಸಿದವನು. "ಇವತ್ತೇ ಕತ್ತು ಲಟಕ್ ಅನ್ಬೇಕು, ಆಗುತ್ತೋ ಇಲ್ವೋ?" ಎಂದು ಗದರಿದರೆ ಅವಳ ಮುಖ ಬಾಡಿ, "ಸರಿ ಸಾರ್, ಸ್ವಲ್ಪ ಟ್ರೈ ಮಾಡ್ತೀನಿ" ಎಂದುಬಿಡುತ್ತಿದ್ದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಕೂಡಿಟ್ಟದ್ದನ್ನೆಲ್ಲ ಸುರಿದು ತೆರೆಯುತ್ತಿದ್ದ ಕ್ಲಿನಿಕ್ಕು ಹೀಗೆ ಹೆದರಿಕೊಂಡು ನಡೆದೀತೇ ಎಂಬ ಅಳುಕು ಮಾತ್ರ ನನಗೆ ಇದ್ದೇ ಇತ್ತು.

ಕ್ಲಿನಿಕ್ಕಿನ ಪೂಜೆಯ ದಿನ ಬೋಣಿ ಮಾಡುವವನು ತಾನೇ ಎಂದು ಹಟ ಹಿಡಿದವರು ಕಟ್ಟಡದ ಯಜಮಾನ ಬೈರಣ್ಣ. ಈಗ ಮಳಿಗೆಗಳಿರುವ ಆ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ಮೊದಲ ಗಿರಾಕಿಯ ಕೈಗುಣದ ಮೇಲೆ ಅಂಗಡಿಯ ಏಳಿಗೆ ನಿಂತಿದೆಯೆಂದು ಬಲವಾಗಿ ನಂಬಿದವರು. ತಮ್ಮ ಕತ್ತಿನ ಲಟಕ್ ಕೇಳಿಸಲು ಅರ್ಧ ಬೀದಿಯನ್ನೇ ಕರೆದುಕೊಂಡು ಮೆಟ್ಟಿಲೇರಿದರು. ಒಂದು ಕಾಲಿನ ಚಪ್ಪಲಿ ನಡುವೆಯೇ ಕಳಚಿಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ನಾವೆಲ್ಲ ನಕ್ಕೆವು, ವಿಭಾ ನಗಲಿಲ್ಲ.

"ಮೊದ್ಲು ನಡೀರಿ ಅಂಕಲ್."

ಒಂದರ ಮುಂದೊಂದು ಹೆಜ್ಜೆ ಇಡಹೋಗಿ ಬೈರಣ್ಣ ಗೋಡೆ ಹಿಡಿದರು. ಅಂಗಿಯ ಗುಂಡಿ ಬಿಚ್ಚಲು ಬೆರಳುಗಳು ತಡಕಾಡಿದವು. ವಿಭಾ ಅಂಗೈ ಉಜ್ಜಿಕೊಳ್ಳಲಿಲ್ಲ. ಕೈಗಳೆರಡನ್ನೂ ಕೋಟಿನ ಜೇಬಿಗಿಳಿಸಿದಳು.

"ಅಂಕಲ್, ನಿಮ್ಮ ಕತ್ತನ್ನ ನಾನು ಮುಟ್ಟಲ್ಲ."

"ಏನವ್ವಾ, ಪೂಜೆ ದಿನ್ವೇ ಬೋಣಿ ಮುರೀತೀಯಾ?"

"ಬೋಣಿ ಹೋದ್ರೆ ಹೋಗ್ಲಿ. ಚಪ್ಪಲಿ ಬಿದ್ದಿದ್ದೂ ನಿಮ್ಗೆ ಗೊತ್ತಾಗ್ಲಿಲ್ಲ, ಕತ್ತಲ್ಲಿ ನರ ಒತ್ಕೊಂಡಿರೋ ಹಾಗಿದೆ. ತಿರುಗಿಸಿದ್ರೆ ಕೈಕಾಲು ಬಿದ್ದೋಗ್ಬೋದು. ಕಟಿಂಗ್ ಶಾಪಲ್ಲೂ ಯಾರಿಗೂ ಮುಟ್ಟಕ್ಕೆ ಬಿಡ್ಬೇಡಿ. ಈಗ್ಲೇ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ."

ನನ್ನೆದೆ ಹಿಗ್ಗಿಹೋಯಿತು. ಬೆಂಚಿನ ಮೇಲೆ ನನ್ನಂಥ ಹುಸಿ ಗಿರಾಕಿಗೂ ಸೋಲುತ್ತಿದ್ದ ಹುಡುಗಿ, ಬಾಡಿಗೆಗೆ ಕೊಟ್ಟ ಯಜಮಾನನಿಗೇ ಬೀದಿಯ ಜನರೆದುರು 'ಇಲ್ಲ' ಎಂದಿದ್ದಳು! ಬೈರಣ್ಣನವರ ಮುಖ ಕೆಂಪೇರಿತು. ಮಡದಿ ಮಂಗಮ್ಮ, "ಮಗು ಇಷ್ಟು ಹೇಳ್ತಾ ಅದೆ, ಹೊರಡಿ ಮೊದ್ಲು" ಎನ್ನದಿದ್ದರೆ ಏನಾಗುತ್ತಿತ್ತೋ. ಹೂವಿನ ಹಾರ ಇನ್ನೂ ಬಾಡಿರದ ಬಾಗಿಲಿಗೆ ಬೀಗ ಜಡಿದು ವಿಭಾ ಅವರೊಡನೆ ಹೊರಟಳು.

ಅವಳ ಅನುಮಾನ ನಿಜವಾಗಿತ್ತು, ಬೈರಣ್ಣನವರಿಗೆ ಶಸ್ತ್ರಚಿಕಿತ್ಸೆಯಾಯಿತು. ಆದರೆ ಬೀದಿಗೆ ಉಳಿದದ್ದು ಬೋಣಿ ಮುರಿದ ಸುದ್ದಿ ಮಾತ್ರ. ವಿಭಾ ದಿನವೂ ಬಾಗಿಲು ತೆರೆದಳು, ದೀಪ ಹಚ್ಚಿದಳು, ಕಾದಳು. ಬರುತ್ತಿದ್ದವನು ನಾನೊಬ್ಬನೇ, ಅದೂ ಕಾಫಿಗೆ. "ಯಜಮಾನ್ರು ಬಂದು ಖಾಲಿ ಮಾಡು ಅಂದ್ರೆ ಎಲ್ಲಿಗೆ ಹೋಗ್ಲಿ ಸಾರ್?" ಎಂದಳೊಮ್ಮೆ.

ಕೊನೆಗೊಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಗದ್ದಲ. ಕತ್ತಿಗೆ ಪಟ್ಟಿ ಬಿಗಿದುಕೊಂಡ ಬೈರಣ್ಣ, ಹಿಂದೆ ಮಂಗಮ್ಮ, ಅವರ ಹಿಂದೆ ಅದೇ ಅರ್ಧ ಬೀದಿ. "ನೋಡವ್ವಾ, ನಡೀತೀನಿ" ಎಂದವರೇ ಕಾರಿಡಾರಿನ ಆ ಕೊನೆಯವರೆಗೂ ನಡೆದು ತೋರಿಸಿದರು. ಈ ಸಲ ಚಪ್ಪಲಿಯನ್ನು ಬಾಗಿಲಲ್ಲಿ ತಾವೇ ಬಿಟ್ಟಿದ್ದರು, ಎರಡನ್ನೂ. "ಬೋಣಿ ಇನ್ನೂ ನಮ್ದೇ. ನಂದಾಗದಿದ್ರೆ ಇವ್ಳ ಸೊಂಟದ್ದು!" ವಿಭಾ ಮಂಗಮ್ಮನವರನ್ನು ನಡೆಸಿದಳು, ಕೂಲಂಕಷವಾಗಿ ಪರೀಕ್ಷಿಸಿದಳು, ಅಂಗೈ ಉಜ್ಜಿದಳು. ಪರದೆಯಾಚೆಯಿಂದ ಲಟಕ್ ಎಂಬ ಭಾರೀ ಸದ್ದು ಬಂತು ನೋಡಿ, ಹೊರಗಿದ್ದವರೆಲ್ಲ ಚಪ್ಪಾಳೆ ಹೊಡೆದರು! ಆ ಸದ್ದನ್ನು ಕಂಡರಾಗದ ವಿಭಾಳ ನಗುವೂ ಅದರೊಳಗೆ ಸೇರಿಹೋಯಿತು.

ಕೈಗುಣವೆಂಬುದು ಮುಟ್ಟುವುದರಲ್ಲಿದೆಯೆಂದು ನಾನೂ ಎಲ್ಲರಂತೆ ನಂಬಿದ್ದೆ. ವಿದ್ಯೆ ಬಲ್ಲವರಿಗೆ ಈ ನಗರದಲ್ಲಿ ಬರವಿಲ್ಲ, ವ್ಯಾಪಾರ ಬಲ್ಲವರಿಗಂತೂ ಇಲ್ಲವೇ ಇಲ್ಲ. ತನ್ನ ಬಾಗಿಲಿಗೆ ಬಂದ ಮೊದಲ ಗಿರಾಕಿಯನ್ನು ಅವನ ಒಳಿತಿಗಾಗಿ ಇನ್ನೊಂದು ಬಾಗಿಲಿಗೆ ಮುಟ್ಟಿಸಿ ಬರುವವರು ಮಾತ್ರ ಎಲ್ಲೋ ಒಬ್ಬೊಬ್ಬರು. ಅಂಥವರ ಕಡೆಗೆ ಬೆನ್ನು ಮಾಡಿ ನಾವು ನಿಶ್ಚಿಂತೆಯಿಂದ ಕಣ್ಣು ಮುಚ್ಚಿ ಮಲಗಬಹುದು.