ರಾಣೇಬೆನ್ನೂರಿನ ಮಾದರಿ ಸಲಹೆ

ಆ ವರ್ಷ ಕಾಲೇಜುಗಳ ಯೋಗ್ಯತೆ ಅಳೆಯಲು ತಪಾಸಣಾ ಸಮಿತಿ ಬರುವುದಿತ್ತು. ಸಮಿತಿ ಬರುತ್ತದೆಂದರೆ ನಮ್ಮ ಕಾಲೇಜುಗಳಿಗೆ ಏಕಾಏಕಿ ವಿದ್ಯಾರ್ಥಿಗಳ ನೆನಪಾಗುತ್ತದೆ. ಗೋಡೆಗೆ ಸುಣ್ಣ ಬಳಿದರು, ಗ್ರಂಥಾಲಯದ ಬೀಗ ತೆಗೆದರು, ಪ್ರತಿ ಕಾಲೇಜಿನಲ್ಲೂ ಒಬ್ಬಿಬ್ಬರು ‘ವಿದ್ಯಾರ್ಥಿ ಸಲಹೆಗಾರರು’ ಇರಲೇಬೇಕೆಂದು ಸುತ್ತೋಲೆ ಹೊರಡಿಸಿದರು. ಹುಡುಗರು ಯಾವ ವಿಷಯ ಆರಿಸಿಕೊಳ್ಳಬೇಕು, ಹಾಜರಿ ಕಡಿಮೆಯಾದರೆ ಯಾರ ಹತ್ತಿರ ಅಳಬೇಕು, ಎಲ್ಲಕ್ಕೂ ಇನ್ನು ಇವರೇ ದಿಕ್ಕು. ಅಂಥ ಹೊಸ ಸಲಹೆಗಾರರಿಗೆ ೨೦೦೭ರ ಬೇಸಿಗೆಯಲ್ಲಿ ರಾಣೇಬೆನ್ನೂರಿನ ಒಂದು ಕಲ್ಯಾಣ ಮಂಟಪದಲ್ಲಿ ತರಬೇತಿ ಇಟ್ಟರು.

ಬ್ಯಾಡಗಿ ಕಾಲೇಜಿಗೆ ಸಲಹೆಗಾರನಾದ ಇಂಗ್ಲಿಷ್ ಉಪನ್ಯಾಸಕ ಸಿದ್ದಲಿಂಗೇಶನಿಗೆ ಮುಗಿಲು ಮೂರೇ ಗೇಣು ಉಳಿದಿತ್ತು. ಈ ಪುಣ್ಯಾತ್ಮನ ಮನೆ ರಾಣೇಬೆನ್ನೂರಿನಲ್ಲೇ. ಬ್ಯಾಡಗಿಗೆ ಸೋಮವಾರ, ಗುರುವಾರ ಮಾತ್ರ ಹೋಗಿ, ತನ್ನ ಪಾಠಗಳನ್ನೆಲ್ಲ ಆ ಎರಡು ದಿನಕ್ಕೇ ತುರುಕಿ, ಉಳಿದ ದಿನ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ ತುಂಬುವುದೂ ಸೋಮವಾರ, ಗುರುವಾರವೇ. ಆ ದಿನ ಅರ್ಧ ಊರು ಚೀಲ ಹೊರಲು, ಕಾಯಿಯ ತೊಟ್ಟು ಮುರಿಯಲು ಪೇಟೆಯಲ್ಲೇ ಇರುತ್ತದೆ. ಅದು ಅವನಿಗೆ ಗೊತ್ತಿಲ್ಲವೆಂದಲ್ಲ. ಕ್ಲಾಸು ಖಾಲಿ ಇದ್ದಷ್ಟೂ ಗಂಟಲಿಗೆ ಹಿತ ಎಂದು ಸುಮ್ಮನಿದ್ದ.

ತರಬೇತಿಯ ಮುಂಜಾನೆ ಪೂರ್ತಿ ಸನ್ಮಾನದಲ್ಲೇ ಹೋಯಿತು. ಬಂದವರಿಗೆ ಸನ್ಮಾನ, ಬಾರದವರ ಪರವಾಗಿ ಬಂದವರಿಗೆ ಸನ್ಮಾನ, ಕೊನೆಗೆ ಪೆಂಡಾಲು ಹಾಕಿದವನಿಗೂ ಒಂದು ಶಾಲು. ಊಟವಾಗಿ ಎಲ್ಲರ ಕಣ್ಣು ಎಳೆಯತೊಡಗಿದಾಗ ತರಬೇತುದಾರ ಡಾಕ್ಟರ್ ಕಿರಣಕುಮಾರ ಮೈಕು ಹಿಡಿದರು. ಹಾವೇರಿಯವರು, ಇಂಥ ಶಿಬಿರಗಳಲ್ಲೇ ಪಳಗಿದವರು.

“ವಿದ್ಯಾರ್ಥಿ ಮಾತಾಡುವಾಗ ನಡಕ ಬಾಯಿ ಹಾಕಬ್ಯಾಡ್ರಿ. ಅವರು ಹೇಳಿದ್ದನ್ನ ಒಮ್ಮೆ ನೀವ ಹೇಳ್ರಿ. ಕಡೀಕ ಭರವಸೆ ಕೊಡ್ರಿ. ಭರವಸೆ ಇಲ್ಲದ ಸಲಹೆ ಉಪ್ಪಿಲ್ಲದ ಸಾರು ಇದ್ದಂಗ. ಈಗ ಒಂದು ಮಾದರಿ ಮಾಡಿ ತೋರಸೋಣು. ಯಾರು ಸಲಹೆಗಾರ ಆಗ್ತೀರಿ?”

ಸಿದ್ದಲಿಂಗೇಶ ಎಲ್ಲರಿಗಿಂತ ಮೊದಲು ಎದ್ದ. ಆದರೆ ವಿದ್ಯಾರ್ಥಿಯ ಪಾತ್ರಕ್ಕೆ ಒಬ್ಬರೂ ಏಳಲೊಲ್ಲರು. ಇಷ್ಟು ಮಂದಿ ಉಪನ್ಯಾಸಕರಲ್ಲಿ ವಿದ್ಯಾರ್ಥಿ ಅನ್ನಿಸಿಕೊಳ್ಳಲು ಯಾರಿಗೆ ಮನಸ್ಸಾಗುತ್ತದೆ! ಅಷ್ಟರಲ್ಲಿ ಬಾಗಿಲ ಹತ್ತಿರ ದುಪಟ್ಟಾ ಹೊದ್ದ ಹುಡುಗಿಯೊಬ್ಬಳು ಆಗಷ್ಟೇ ಬಂದು ಇಣುಕುತ್ತಿದ್ದುದು ಕಿರಣಕುಮಾರರ ಕಣ್ಣಿಗೆ ಬಿತ್ತು.

“ಬಾರವ್ವಾ, ಇಲ್ಲಿ ಕುಂದ್ರು. ಇವರಿಗೆ ನಿನ್ನ ಒಂದು ಸಮಸ್ಯಾ ಹೇಳು.”

ಹುಡುಗಿಗೆ ನಂಬಲಿಕ್ಕಾಗಲಿಲ್ಲ. ಅವಳು ಮಾಸುಮಬಿ, ಬ್ಯಾಡಗಿಯ ಬಿ.ಎ. ವಿದ್ಯಾರ್ಥಿನಿ. ಬಸ್ಸು ಹತ್ತಿ ಬಂದಿದ್ದು ಈ ಸಿದ್ದಲಿಂಗೇಶ ಸರ್ ಕಾಲು ಹಿಡಿಯಲಿಕ್ಕೇ. ಈಗ ಅವರೆದುರಿಗೇ ಕುರ್ಚಿ ಹಾಕಿ ಕೊಡುತ್ತಿದ್ದಾರೆ! ಸಿದ್ದಲಿಂಗೇಶನಿಗೆ ಮಾತ್ರ ಅವಳ ಗುರುತು ಹತ್ತಲಿಲ್ಲ. ಹೇಗೆ ಹತ್ತಬೇಕು? ಅವನ ಕ್ಲಾಸಿಗೆ ಅವಳು ಬಂದಿದ್ದೇ ಅಪರೂಪ.

“ಸರ, ನಮ್ಮವ್ವ ಪ್ಯಾಟ್ಯಾಗ ಮೆಣಸಿನಕಾಯಿ ತೊಟ್ಟು ಮುರಿತಿದ್ಲ್ರಿ. ಕೈಯೆಲ್ಲ ಬೊಬ್ಬಿ ಎದ್ದು ಮನಿ ಹಿಡದಾಳ. ಆಕೀ ಬದ್ಲಿ ಸೋಮಾರ, ಗುರುವಾರ ನಾ ಹೊಕ್ಕೇನ್ರಿ. ಇಂಗ್ಲಿಷ್ ಪಾಠ ಆ ಎರಡ ದಿನಾನ ಐತಿ. ಹಾಜರಿ ಕಡಿಮಿ ಅಂತ ಪರೀಕ್ಷಾಕ್ಕ ಕುಂದ್ರಸೋದಿಲ್ಲ ಅಂತಾರ್ರಿ. ಇವತ್ತ ಸಂಜೀಕ ಅಂಥವರ ಹೆಸರಿನ ಯಾದಿ ಯುನಿವರ್ಸಿಟಿಗೆ ಹೊಕ್ಕೈತಿ. ನೀವು ಒಂದ ಮಾತ ಹೇಳಿದ್ರ ನನ್ನ ಹೆಸರ ತಗೀತಾರ್ರಿ. ಈ ವರ್ಷ ಹ್ವಾದ್ರ ನಮ್ಮಪ್ಪ ಕಾಲೇಜ ಬಿಡಸ್ತಾನ್ರಿ ಸರ.”

ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಸಭೆ ತೂಕಡಿಕೆ ಬಿಟ್ಟು ನೆಟ್ಟಗೆ ಕೂತಿತು. ಏನು ಅಭಿನಯ, ಏನು ಅಭಿನಯ ಎಂದು ತಲೆದೂಗಿದರು. ಸೋಮವಾರ, ಗುರುವಾರ ಎಂದಾಗ ಸಿದ್ದಲಿಂಗೇಶನ ಎದೆಯಲ್ಲಿ ಏನೋ ಚುರುಕ್ ಎಂದಿತು. ಆದರೆ ಭರವಸೆ ಕೊಡುವ ಗಳಿಗೆ ಬಂದಿತ್ತು, ಮೈಕು ಕೈಯಲ್ಲಿತ್ತು.

“ಅಂದ್ರ ನಿಮ್ಮವ್ವಗ ಆರಾಮಿಲ್ಲ, ದುಡಿಯಾಕ ನೀನ ಹೋಗಬೇಕು, ಹೌದಿಲ್ಲೋ? ಚಿಂತಿ ಬಿಡವ್ವಾ. ಇವತ್ತ ಸಂಜೀಕ ನಿನ್ನ ಹೆಸರು ಆ ಯಾದಿಯಿಂದ ತಗಸೋದು ನನ್ನ ಜವಾಬ್ದಾರಿ. ನೀ ಮನೀಗೆ ಹೋಗಿ ಓದ್ಕೋತ ಕುಂದ್ರು.”

ಚಪ್ಪಾಳೆಯೋ ಚಪ್ಪಾಳೆ. ಮಾಸುಮಬಿ ಎರಡೂ ಕೈ ಮುಗಿದು, ಕಣ್ಣೊರೆಸಿಕೊಂಡು, ನಗುತ್ತ ಬಸ್‌ಸ್ಟ್ಯಾಂಡಿನ ಕಡೆ ಓಡಿದಳು. ‘ಅತ್ಯುತ್ತಮ ಸಲಹೆಗಾರ’ನ ಕೊರಳಿಗೆ ಹಾವೇರಿಯಿಂದ ತರಿಸಿದ್ದ ಏಲಕ್ಕಿ ಮಾಲೆ ಬಿತ್ತು. ಇತಿಹಾಸ ಹೇಳುವ ಅರುಣಾ, ಬ್ಯಾಡಗಿ ಕಾಲೇಜಿನವಳೇ, ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

“ಸರ, ಆ ಹುಡುಗಿ ನಮ್ಮ ಕಾಲೇಜಿನಾಕಿ ಇದ್ದಂಗ ಅದಾಳಲ್ರಿ. ಖರೇನ ಹೇಳಿದ್ಲೋ ಏನೋ.”

“ನಿಮ್ಮದೊಂದು! ಅದೆಲ್ಲಾ ಮೊದಲ ಕಲಿಸಿಟ್ಟಿರ್ತಾರ್ರಿ. ಕಿರಣಕುಮಾರ ಸರ್ ಏನು ಸಣ್ಣ ಮನಷ್ಯಾರೇನು?”

ಸಂಜೆ ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಕಾಲೇಜಿನ ಗುಮಾಸ್ತ ಕರಬಸಪ್ಪ ಫೋನು ಮಾಡಿದ. “ಸರ, ಹಾಜರಿ ಕಡಿಮಿ ಇದ್ದವರ ಯಾದಿ ಕಳಸಾಕತ್ತೇನ್ರಿ. ಎಲ್ಲಾ ನಿಮ್ಮ ಪಾಠದವರ ಅದಾರ. ಯಾರದರ ಹೆಸರು ತಗೀಲೇನ್ರಿ?”

ಸಿದ್ದಲಿಂಗೇಶ ಮಾಲೆ ಸರಿಪಡಿಸಿಕೊಂಡ. ಹೆಸರು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿ, ಖರೇ ಅಂತಾದರೆ, ಕೊರಳಲ್ಲಿದ್ದ ಮಾಲೆ ತೆಗೆಯಬೇಕಾಗುತ್ತಿತ್ತಲ್ಲ! ಅತ್ತ ಫೋಟೋದವನು ಬೇರೆ ಕರೆಯುತ್ತಿದ್ದ.

“ಒಂದೂ ಬ್ಯಾಡ. ಕಳಿಸಿಬಿಡ್ರಿ.”

ಮುಂದೆ ಪರೀಕ್ಷೆ ಹತ್ತಿರ ಬಂದಿತು. ಕಾಲೇಜಿನಲ್ಲಿ ಸಲಹೆಗಾರರಿಗೆಂದು ಹೊಸ ಕೋಣೆ, ಹೊಸ ಬೋರ್ಡು ಆಗಿದ್ದವು. ಹಾಲ್ ಟಿಕೆಟ್ ಹಂಚುವ ದಿನ ಮಾಸುಮಬಿ ಒಳಗೆ ಬಂದು ನಿಂತಳು.

“ನಂದ ಹಾಲ್ ಟಿಕೆಟ್ ಬಂದಿಲ್ರಿ ಸರ. ಆಫೀಸಿನ್ಯಾಗ ನನ್ನ ಹೆಸರ ಯಾದ್ಯಾಗ ಹೋಗೇತಿ ಅಂತಾರ. ನೀವು ತಗಸ್ತೇನಿ ಅಂದಿದ್ರೆಲ್ರಿ, ಒಮ್ಮೆ ನೋಡ್ರಿ.”

ಸಿದ್ದಲಿಂಗೇಶನಿಗೆ ಈಗ ಗುರುತು ಹತ್ತಿತು. ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಆದರೆ ಅಂಥವರಿಗೆ ನಾಚಿಕೆಯ ಬೆನ್ನಿಗೇ ಸಿಟ್ಟು ಬರುತ್ತದೆ.

“ಅಲ್ಲವ್ವಾ, ಅದು ತರಬೇತಿ. ಮಾದರಿ. ನೀನೂ ನಟನಾ ಮಾಡಾಕತ್ತೀ ಅಂತ ತಿಳಕೊಂಡ್ವಿ ನಾವು. ಖರೇ ಅಂತ ಅವತ್ತ ಹೇಳಬೇಕಿಲ್ಲೇನು? ಈಗ ಯುನಿವರ್ಸಿಟಿಯವರು ಏನೂ ಮಾಡೂದಿಲ್ಲ.”

ಮಾಸುಮಬಿ ಅಳಲಿಲ್ಲ.

“ನಾ ಖರೇನ ಹೇಳಿದ್ನಿರಿ ಸರ. ನಟನಾ ನೀವು ಮಾಡಾಕತ್ತೀರಿ ಅಂತ ನನಗ ಯಾರೂ ಹೇಳಲಿಲ್ಲ.”