ಕುದುರೆಯ ಬುತ್ತಿ

ಹುಲ್ಲು ಮೇಯದ, ನೀರು ಮುಟ್ಟದ, ಕೆನೆಯಲೂ ಬಾರದ ಒಂದು ಕುದುರೆ ಇತ್ತಂತೆ. ಅದಕ್ಕೆ ಮಿಂಚೇ ಮೇವಂತೆ. ಮೇಲೆ ಕೂತವರು ಎಲ್ಲಿ ನಿಲ್ಲು ಅನ್ನುತ್ತಾರೋ ಅಲ್ಲೇ ನಿಲ್ಲುತ್ತಿತ್ತಂತೆ. ತಿಮ್ಮವ್ವ ಈ ಕತೆ ಹೇಳುವಾಗ ಮೊಮ್ಮಗಳು ಮಲ್ಲಿಕಾ ಮಾತುಮಾತಿಗೂ ಹೂಂಗುಟ್ಟಬೇಕು, ಇಲ್ಲದಿದ್ದರೆ ಕತೆ ಅಲ್ಲಿಗೇ ಮುಗಿಯಿತು. ಕೊನೆಗೆ ಆ ಕುದುರೆ ಎಲ್ಲಿ ಹೋಯಿತು ಎಂದು ಕೇಳಿದರೆ ಮುದುಕಿ, "ಎಲ್ಲಿ ಹೋಗತದ? ನೀ ದೊಡ್ಡಾಕಿ ಆಗೂದನ್ನ ಕಾಯಾಕತ್ತದ" ಅನ್ನುತ್ತಿದ್ದಳು.

ಆ ಕುದುರೆ ಈಗ ದೇವದುರ್ಗದ ಓಣಿಯೊಂದರಲ್ಲಿ, ತಿಮ್ಮವ್ವನ ಗೆಳತಿ ರಂಜಾನಬಿಯ ಮನೆಯ ಮುಂದೆ, ಡಿಕ್ಕಿ ತೆರೆದುಕೊಂಡು ನಿಂತಿತ್ತು. ಮಲ್ಲಿಕಾ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ ತಡಕಾಡುತ್ತಿದ್ದಳು. ಚಾರ್ಜರಿನ ಕರಿ ಚೀಲ ಇರಬೇಕಾದ ಕಡೆ ಬಿಳಿ ಧೋತರದ ದೊಡ್ಡ ಗಂಟೊಂದು ಮದುಮಗಳ ಹಾಗೆ ಕೂತಿತ್ತು.

"ಆಯಿ, ಇಲ್ಲಿದ್ದ ಕರಿ ಚೀಲ ಎಲ್ಲದ?"

"ಆ ಹಗ್ಗದ ಚೀಲೇನು? ಜ್ವಾಳದ ಡಬ್ಬಿ ಹಿಂದ ಇಟ್ಟು ಬಂದೀನಿ. ಬುತ್ತಿ ಗಂಟು ಇಡಾಕ ಜಾಗ ಆಗವಲ್ದಾಗಿತ್ತು."

"ಅದು ಹಗ್ಗ ಅಲ್ಲಬೇ! ಅದು ಇದರ ಊಟ!"

ತಿಮ್ಮವ್ವನ ಕೈ ತಾನಾಗಿ ಬಾಯಿಗೆ ಹೋಯಿತು. ನಾಲ್ಕು ನಮೂನೆಯ ಚಟ್ನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಎಲ್ಲರಿಗೂ ಬುತ್ತಿ ಕಟ್ಟಿದ್ದಳು. ಕರೆತಂದ ಕುದುರೆಯ ಬುತ್ತಿಯನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದಳು.

ಅಜ್ಜಿಯನ್ನು ಜೊತೆಗಿಟ್ಟುಕೊಂಡು ರಾಯಚೂರಿನ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ಮಲ್ಲಿಕಾ ಈ ಪುಟ್ಟ ಕರೆಂಟು ಕಾರನ್ನು ಒಬ್ಬರ ಕೈಯಿಂದ ಹಳೆಯದಾಗಿಯೇ ಕೊಂಡಿದ್ದಳು. ಅಡುಗೆಮನೆಯ ಕಿಟಕಿಯಿಂದ ವೈರು ಇಳಿಸಿ ರಾತ್ರಿ ಚಾರ್ಜಿಗೆ ಹಾಕುವುದು, ಬೆಳಿಗ್ಗೆ ಎದ್ದವಳೇ ಹಲ್ಲುಜ್ಜುವ ಮೊದಲು ಅದರ ಅಂಕಿ ನೋಡುವುದು ಅವಳ ಹೊಸ ಪೂಜೆ. ಸದ್ದೇ ಇಲ್ಲದ ಗಾಡಿಗೆ ಓಣಿಯ ಎಮ್ಮೆಗಳು ದಾರಿ ಬಿಡುತ್ತಿರಲಿಲ್ಲ. "ಒಂಚೂರರ ಗುರ್ ಅನ್ನಾಕ ಕಲಸಲೇ ಅದಕ್ಕ" ಎಂದು ಪಕ್ಕದ ಮನೆಯ ಚನ್ನಮಲ್ಲಮ್ಮ ನಗುತ್ತಿದ್ದಳು. ಮಲ್ಲಿಕಾಳಿಗೆ ಮಾತ್ರ ಆ ಮೌನವೇ ಇಷ್ಟ. ಸ್ಟೇರಿಂಗ್ ಹಿಡಿದರೆ ನೆಲ ಬಿಟ್ಟು ಒಂದು ಗೇಣು ಮೇಲೆ ತೇಲಿದ ಹಾಗೆ ಅನಿಸುತ್ತಿತ್ತು.

ಈ ಪ್ರಯಾಣ ಒಂದು ಹಳೆಯ ಮಾತಿನದು. ದೇವದುರ್ಗದಲ್ಲಿ ಹುಡುಗಿಯರಾಗಿದ್ದಾಗ ತಿಮ್ಮವ್ವ ಮತ್ತು ರಂಜಾನಬಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತುಕೊಂಡು ಕೃಷ್ಣೆಯ ಆಚೆ ದಂಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದರು. ಹೂವಿನಹೆಡಗಿ ಸೇತುವೆ ಬಂದಾಗಲೆಲ್ಲ ಇಬ್ಬರೂ "ಯಪ್ಪಾ, ಒಂದೀಟು ನಿಲ್ಲಸ್ರಿ, ಹೊಳಿ ನೋಡ್ತೀವಿ" ಎಂದು ಕೂಗುತ್ತಿದ್ದರು. ಒಂದು ದಿನವೂ ಗಾಡಿ ನಿಲ್ಲಲಿಲ್ಲ. ನಾವು ನಿಲ್ಲು ಅಂದಲ್ಲಿ ನಿಲ್ಲುವ ಗಾಡಿಯಲ್ಲಿ ಒಮ್ಮೆ ಬರಬೇಕು ಎಂದು ಆಗ ಆಡಿಕೊಂಡ ಮಾತು ಹಾಗೆಯೇ ಉಳಿಯಿತು. ಆಮೇಲೆ ತಿಮ್ಮವ್ವ ಮದುವೆಯಾಗಿ ಮಾನ್ವಿ ಕಡೆಯ ಹಿರೇಕೊಟ್ನೆಕಲ್ಲಿಗೆ ಹೋದಳು. ರಂಜಾನಬಿಯ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲಾರದ ಹಾಗಾಯಿತು. "ನಾ ತರ್ತೀನಿ ಆ ಕುದುರಿ" ಎಂದು ಚಿಕ್ಕಂದಿನಲ್ಲಿ ಮಾತು ಕೊಟ್ಟವಳು ಮಲ್ಲಿಕಾ.

ಇವತ್ತು ಬಿಟ್ಟರೆ ಇನ್ನಿರಲಿಲ್ಲ. ರಂಜಾನಬಿಯ ಮಗ ಶಕೀಲ್ ಹೈದರಾಬಾದಿನಲ್ಲಿ ಅಂಗಡಿ ಇಟ್ಟಿದ್ದ. ಮನೆ ಖಾಲಿ ಮಾಡಿ ತಾಯಿಯನ್ನು ಎತ್ತಿಯಾದರೂ ಈ ರಾತ್ರಿಯ ಬಸ್ಸು ಹತ್ತಿಸಿ ಕರೆದೊಯ್ಯುವವನಿದ್ದ.

ರಾತ್ರಿ ಕರೆಂಟು ಹೋಗಿ ಚಾರ್ಜು ಪೂರ್ತಿ ಆಗಿರಲಿಲ್ಲ. ನೆಟ್ಟಗೆ ಬಂದಿದ್ದರೆ ಅದೂ ಸಾಕಾಗುತ್ತಿತ್ತು. ಆದರೆ ತಿಮ್ಮವ್ವನಿಗೆ ಗಂಡನ ಊರಿನಲ್ಲಿ ನಾದಿನಿ ಹನುಮಂತಮ್ಮನ ಎದುರು ಕಾರಿನಿಂದ ಇಳಿದು ತೋರಿಸಬೇಕಿತ್ತು. ಹಾಗಾಗಿ ಮಾನ್ವಿ ಸುತ್ತಿ, ಹಿರೇಕೊಟ್ನೆಕಲ್ಲಿನಲ್ಲಿ ಇಳಿದು, ಹತ್ತಿ, ಮತ್ತೆ ಇಳಿದು ಬಂದಿದ್ದರು. ಈಗ ಗಾಡಿಯಲ್ಲಿ ಉಳಿದದ್ದು ನೂರಕ್ಕೆ ಹನ್ನೊಂದು. ಹೊಳೆಗೆ ಹೋಗಬಹುದು, ತಿರುಗಿ ಬರುವ ಖಾತ್ರಿ ಇಲ್ಲ.

"ಪೆಟ್ರೋಲ್ ಗಾಡಿ ಆಗಿದ್ರ ಬಾಟ್ಲಿನಾಗ ತಂದು ಹಾಕ್ತಿದ್ದೆ ತಂಗೀ," ಶಕೀಲ್ ತಲೆ ಕೆರೆದುಕೊಂಡ. "ಕರೆಂಟ್ ಯಾವ ಬಾಟ್ಲಿನಾಗ ತರಲಿ?"

ಹೊಸ್ತಿಲಲ್ಲಿ ರಂಜಾನಬಿ ಬೆಳಿಗ್ಗೆಯಿಂದ ಹೊಸ ಸೀರೆ ಉಟ್ಟು ಕೂತಿದ್ದಳು. ಕಣ್ಣಿಗೆ ಸುರ್ಮಾ ಬೇರೆ. "ಇರಲಿ ಬಿಡು ಬೇಟಿ," ಅಂದಳು. "ಗಾಡಿ ಮನಿ ಬಾಗಲಿಗೆ ಬಂತಲ್ಲ, ಅಷ್ಟ ಸಾಕು." ಅಷ್ಟೇ ಸಾಕೆಂದವಳ ಕೈ ಚಪ್ಪಲಿಯ ಪಟ್ಟಿ ಬಿಚ್ಚಲಿಲ್ಲ.

ತಿಮ್ಮವ್ವ ಇದ್ದಕ್ಕಿದ್ದಂತೆ ತೊಡೆ ತಟ್ಟಿದಳು. "ಲೇ ಮಲ್ಲೀ! ನೀ ರಾಯಚೂರಾಗ ಓದಾಕಿದ್ದಾಗ ನಿನ್ನ ಬುತ್ತಿ ಹೆಂಗ ಬರ್ತಿತ್ತು?"

ಮಲ್ಲಿಕಾಳ ಕಣ್ಣು ಅರಳಿದವು. ಹಾಸ್ಟೆಲಿನ ದಿನಗಳಲ್ಲಿ ಪ್ರತಿ ಬೆಳಿಗ್ಗೆ ರೊಟ್ಟಿಯ ಗಂಟು ಹಿರೇಕೊಟ್ನೆಕಲ್ಲಿನ ಬಸ್ ಹತ್ತುತ್ತಿತ್ತು. ಅವಳು ರಾಯಚೂರಿನ ನಿಲ್ದಾಣದಲ್ಲಿ ಕಾದು ಇಳಿಸಿಕೊಳ್ಳುತ್ತಿದ್ದಳು. ಕೂಡಲೇ ಫೋನು ಹಚ್ಚಿದಳು.

"ಚನ್ನಮಲ್ಲಮ್ಮತ್ತಿ, ನಿಮ್ಮ ಕಡೆ ನಮ್ಮನಿ ಕೀಲಿ ಅದ ಅಲ್ರೀ? ಜ್ವಾಳದ ಡಬ್ಬಿ ಹಿಂದ ಕರಿ ಚೀಲ ಅದ. ಮೊದಲ ದೇವದುರ್ಗದ ಬಸ್ಸಿಗೆ ಹಾಕಿಬಿಡ್ರಿ!"

"ಹೋಗಾಕತ್ತೀನವ್ವಾ, ಹೋಗಾಕತ್ತೀನಿ. ಒಲಿ ಮ್ಯಾಲಿನ ಬ್ಯಾಳಿ ಹೊತ್ತಿದ್ರ ಅದೂ ನಿನ್ನ ತಲಿ ಮ್ಯಾಲ!"

ಬಸ್ ನಿಲ್ದಾಣದಲ್ಲಿ ಕಾಯುವಾಗ ಮಲ್ಲಿಕಾಳಿಗೆ ಪ್ರತಿ ಬಸ್ಸಿನ ಧೂಳೂ ರಾಯಚೂರಿನ ಧೂಳಾಗಿಯೇ ಕಂಡಿತು. ಕೊನೆಗೆ ಕಂಡಕ್ಟರ್ ಚೀಲ ಎತ್ತಿ ಹಿಡಿದು ಕೂಗಿದ: "ಮಲ್ಲಿಕಾ ಯಾರ್ರೀ? ಬುತ್ತಿ ಅಂತ ಕೊಟ್ರು, ಕಬ್ಬಿಣದಂಗ ಭಾರ ಅದ. ಇದನ್ನ ಯಾರು ತಿಂತಾರ್ರೀ?"

"ನಮ್ಮ ಕುದುರಿ!" ಹಟ ಮಾಡಿ ಜೊತೆಗೆ ಬಂದಿದ್ದ ತಿಮ್ಮವ್ವ ಎರಡೂ ಕೈಯಿಂದ ಚೀಲ ಇಸಿದುಕೊಂಡಳು.

ರಂಜಾನಬಿಯ ಮನೆಯ ಸಾಕೆಟ್ಟು ಫೋನಿಗಷ್ಟೇ ಸಾಕು. ಓಣಿಯ ಮೂಲೆಯಲ್ಲಿ ಗಡಿಗೆಪ್ಪನ ಹಿಟ್ಟಿನ ಗಿರಣಿ ಇತ್ತು. ಅಲ್ಲಿ ಜೋಳದ ಡಬ್ಬಿಗಳು ಪಾಳಿ ಹಚ್ಚಿ ಕೂತಿದ್ದವು. ತಿಮ್ಮವ್ವ ಕೊನೆಯ ಡಬ್ಬಿಯ ಹಿಂದೆ ಚೀಲ ಇಟ್ಟು ಕೈ ಕಟ್ಟಿ ನಿಂತಳು.

"ಇದನ್ನ ಸಣ್ಣಗ ಬೀಸಲೋ, ತರಿ ಬೀಸಲೋ?" ಹಿಟ್ಟು ಬಡಿದ ಹುಬ್ಬಿನಡಿಯಿಂದ ಗಡಿಗೆಪ್ಪ ಕೇಳಿದ.

"ಬೀಸಬ್ಯಾಡ್ರಿ. ನಮ್ಮ ಗಾಡಿಗೆ ನಿಮ್ಮ ಒಂದು ದೊಡ್ಡ ಪ್ಲಗ್ ಬೇಕಾಗಿತ್ತು," ಎಂದು ಮಲ್ಲಿಕಾ ಹೊಳೆಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಪಾಳಿಯಲ್ಲಿದ್ದ ಹೆಂಗಸರು ಕತೆಗೆ ಹೂಂಗುಟ್ಟಿದರು. ಮುಂದಿದ್ದವಳು ತನ್ನ ಡಬ್ಬಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಮದಲ ಅವರದು ಮಾಡಪಾ, ನಂದು ರಾತ್ರಿ ರೊಟ್ಟಿಗಲ್ಲೇನು" ಅಂದಳು. ಗಡಿಗೆಪ್ಪ ಗಿರಣಿಯ ಪಟ್ಟಿ ನಿಲ್ಲಿಸಿ ಪ್ಲಗ್ಗು ತೋರಿಸಿದ.

ಮುಂಬದಿಯಲ್ಲಿ ಹಸಿರು ದೀಪ ಮಿನುಗತೊಡಗಿದಾಗ ಮಲ್ಲಿಕಾ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಅಂಕಿ ಹನ್ನೆರಡಾಯಿತು, ಹದಿಮೂರಾಯಿತು. ಬಿಸಿಲು ಗಿರಣಿಯ ಗೋಡೆ ಬಿಟ್ಟು ಇಳಿಯುವ ಹೊತ್ತಿಗೆ ಮೂವತ್ತು ದಾಟಿತು. ಹೊಳೆಯಿಂದ ಬಂದ ಮೇಲೆ, ಊರಿಗೆ ತಿರುಗಿ ಹೋಗಲು ರಾತ್ರಿಯೆಲ್ಲ ಇಲ್ಲೇ ಮೇಯಲಿ ಎಂದ ಗಡಿಗೆಪ್ಪ.

ಶಕೀಲ್ ತಾಯಿಯ ಕೈ ಹಿಡಿದು ಗಿರಣಿಯ ತನಕ ಮೆಲ್ಲಗೆ ನಡೆಸಿಕೊಂಡು ಬಂದ. ಮುಂದಿನ ಸೀಟಿನಲ್ಲಿ ಯಾರು ಕೂರಬೇಕೆಂದು ಮುದುಕಿಯರು ಜಗಳವಾಡಿದರು.

"ಗಾಡಿ ನಿನ್ನ ಮೊಮ್ಮಗಳದು, ನೀ ಕುಂದ್ರು ತಿಮ್ಮಿ."

"ನಾ ದಿನಾ ಕುಂದರ್ತೀನಿ. ಹತ್ತು, ನಾಟಕ ಸಾಕು."

ರಂಜಾನಬಿ ಮೊದಲು ಕೂತು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಮೆಟ್ಟಿಲೇ ಇರಲಿಲ್ಲ. ಕಾರು ಹೊರಟದ್ದು ಅವಳಿಗೆ ಗೊತ್ತಾದದ್ದು ಗಿರಣಿಯ ಗೋಡೆ ಹಿಂದೆ ಸರಿದಾಗ.

"ಯಾ ಅಲ್ಲಾ! ನಡೀತೇನು?"

"ನಡೀಲಿಲ್ಲ, ನಾನೀ. ಹಾರಾಕತ್ತದ!" ಅಂದಳು ಮಲ್ಲಿಕಾ.

ಹತ್ತಿಯ ಹೊಲಗಳು, ಭತ್ತದ ಗದ್ದೆಗಳು, ಕಾಲುವೆಯ ಮೇಲಿನ ಕೊಕ್ಕರೆಗಳು ಎರಡೂ ಬದಿಯಲ್ಲಿ ಓಡಿದವು. ಇಳಿಜಾರಿನಲ್ಲಿ ಗಾಡಿ ತಾನೇ ಒಂದಿಷ್ಟು ಕರೆಂಟು ಮಾಡಿಕೊಂಡು, ಅಂಕಿ ಕೆಳಗಿಳಿಯುವ ಬದಲು ಒಂದು ಮೇಲೇರಿತು. ಮಲ್ಲಿಕಾ ಕೇಕೆ ಹಾಕಿದಳು. ಹಿಂದಿನ ಸೀಟಿನಲ್ಲಿ ತಿಮ್ಮವ್ವ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಣದಲ್ಲಿ ರಾಶಿ ಮಾಡುವಾಗ ಹೇಳುವ ಯಾವುದೋ ಹಂತಿಯ ಹಾಡನ್ನು ತಾಳ ತಪ್ಪಿಸಿ ಹಾಡುತ್ತಿದ್ದಳು.

ದೂರದಲ್ಲಿ ನೀರು ಹೊಳೆಯಿತು. ಹಾಡು ನಿಂತಿತು. ಮಲ್ಲಿಕಾ ವೇಗ ತಗ್ಗಿಸಿದಳು, ನಿಲ್ಲಿಸಲಿಲ್ಲ. ನಿಲ್ಲಿಸುವ ಮಾತು ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು. ರಂಜಾನಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಗಾಜಿನಾಚೆ ನೋಡುತ್ತಲೇ ಇದ್ದಳು. ಸೇತುವೆ ಹತ್ತಿರವಾಯಿತು.

"ಹೇಳಲೇ ರಂಜಾನಿ, ದಾಟಿ ಹೋಗತದ!"

ರಂಜಾನಬಿ ಗಂಟಲು ಸರಿಮಾಡಿಕೊಂಡಳು. ಟ್ರೇಲರಿನಿಂದ ಕೂಗಿದ ಹಾಗೆ ಕೂಗಲಿಲ್ಲ. ಕೂಗುವ ಅಗತ್ಯವಿರಲಿಲ್ಲ.

"ನಿಲ್ಲಸು," ಅಂದಳು.

ಗಾಡಿ ನಿಂತಿತು. ಗಾಜು ಇಳಿಸಿದ ಕಿಟಕಿಯಲ್ಲಿ ಹೊಳೆಯ ಸದ್ದೊಂದೇ ಒಳಗೆ ಬಂತು.