ತೊಳೆಯದೆ ತಿನ್ನುವ ಕಡಲೆ ಸೊಪ್ಪು

ಕಡಲೆ ಹೊಲಕ್ಕೆ ಹುಳ ಬಿದ್ದರೆ ರೈತನಿಗೆ ನಿದ್ದೆ ಬರುವುದಿಲ್ಲ. ಎಲೆಯ ಮರೆಯಲ್ಲಿ ಕುಳಿತು, ಕಾಯಿಗೆ ತೂತು ಕೊರೆದು, ಒಳಗಿನ ಕಾಳನ್ನೆಲ್ಲ ತಿಂದು ಹಾಕುವ ಹಸಿರು ಹುಳ ಅದು. ಹೈದರಾಬಾದಿನಾಚೆ ಶಂಕರಪಲ್ಲಿಯ ಹತ್ತಿರ ಇರುವ ಕಲ್ಯಾಣಪ್ಪನವರ ಕರಿಮಣ್ಣಿನ ಹೊಲಕ್ಕೂ ಈ ಸಲ ಅದು ಬಂತು.

ಕಲ್ಯಾಣಪ್ಪನವರು ಬೀದರ ಕಡೆಯವರು. ಹೈದರಾಬಾದಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಮನೆ ಹಿಮಾಯತ್‌ನಗರದಲ್ಲಿ. ಹೊಸದೆಂದರೆ ಅವರಿಗೆ ಜೀವ. ಟ್ರ್ಯಾಕ್ಟರು, ಸುಧಾರಿತ ಬೀಜ, ತುಂತುರು ನೀರಾವರಿ, ಎಲ್ಲವೂ ಆ ಸುತ್ತಿನಲ್ಲಿ ಮೊದಲು ಬಂದದ್ದು ಅವರ ಹೊಲಕ್ಕೇ. ಹುಳ ಕಂಡದ್ದೇ ತಡ, ಅಂಗಡಿಯವನು ಕೊಟ್ಟ ಎರಡು ಬಗೆಯ ಔಷಧ ಬೆರೆಸಿ ಹೊಡೆಸಿದರು. ಹುಳ ಸತ್ತವು. ಇಲ್ಲಿಯವರೆಗೆ ಯಾರ ತಕರಾರೂ ಇರಲಿಲ್ಲ.

ತಕರಾರು ಬಂದದ್ದು ಎಳ್ಳಮಾವಾಸ್ಯೆಗೆ. ಆ ದಿನ ಹೈದರಾಬಾದಿನ ನಮ್ಮ ಕನ್ನಡ ಮಂದಿ ಸಜ್ಜೆ ರೊಟ್ಟಿ, ಭಜ್ಜಿ, ಹೋಳಿಗೆ ಕಟ್ಟಿಕೊಂಡು ಕಲ್ಯಾಣಪ್ಪನವರ ಹೊಲಕ್ಕೆ ಹೋಗುತ್ತೇವೆ. ಬೆಳೆಗೆ ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಚರಗ ಚೆಲ್ಲಿ, ಉಂಡು, ಆಮೇಲೆ ಸಾಲಿನಲ್ಲಿ ಕುಳಿತು ಕಡಲೆಯ ಕುಡಿ ಚಿವುಟಿ ಹಸಿಯಾಗಿಯೇ ತಿನ್ನುತ್ತೇವೆ. ತೊಳೆಯುವುದಂತೂ ಇಲ್ಲವೇ ಇಲ್ಲ. ರುಚಿ ಇರುವುದೇ ಎಲೆಯ ಮೇಲಿನ ಹುಳಿಯಲ್ಲಿ, ತೊಳೆದರೆ ಅದು ಹೋಯಿತು. ಯಾರಾದರೂ ನೀರಿಗೆ ಹಿಡಿದರೆ, ‘ಊರು ಬಿಟ್ಟು ಭಾಳ ವರ್ಷ ಆದುವೇನ್ರಿ?’ ಎಂದು ಕಿಚಾಯಿಸುವವರು ನಾವು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಸಿಕಂದರಾಬಾದಿನಿಂದ ಕಲ್ಯಾಣಪ್ಪನವರ ಮಗಳು ಶಿವದೇವಿ ತವರಿಗೆ ಬಂದಳು. ಆಕೆ ಬಸುರಿ.

‘ಅಪ್ಪಾ, ನನಗ ಹೋಳಗಿ ಬ್ಯಾಡ. ಹೊಲದಾಗ ಕುಂತು ಹೊಟ್ಟಿ ತುಂಬ ಕಡ್ಲಿ ಪಲ್ಲೆ ತಿನ್ನಬೇಕು ಅನಸೇತಿ’ ಎಂದಳು.

‘ತಿನ್ನವಾ. ನಾಕ ಎಕರೆ ಐತಿ, ನೀ ಒಬ್ಬಾಕಿ ಎಷ್ಟು ತಿಂತಿ?’ ಎಂದು ತಂದೆ ನಕ್ಕರು.

ಪಕ್ಕದ ಮನೆಯ ನಲಿನಿ ಅಲ್ಲೇ ಕುಳಿತಿದ್ದಳು. ಧಾರವಾಡದಲ್ಲಿ ಕೃಷಿ ಓದಿ, ಇಲ್ಲಿನ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುವವಳು. ಆಕೆ ನಗಲಿಲ್ಲ.

‘ಕಾಕಾ, ಹೊಲಕ್ಕ ಹುಳದ ಎಣ್ಣಿ ಹೊಡಸೀರೇನ್ರಿ?’

‘ಸೋಮವಾರ ಹೊಡಸೀನಿ. ಒಂದು ಹುಳ ಉಳದಿಲ್ಲ ನೋಡು.’

‘ಅಮಾಸಿ ಶುಕ್ರವಾರ. ಡಬ್ಬಿ ಮ್ಯಾಲ ತ್ರಿಕೋನ ಯಾವ ಬಣ್ಣದ್ದಿತ್ತು?’

‘ಕೆಂಪಿತ್ತು. ಅದರಾಗ ಇನ್ನೊಂದು ಕೂಡಿಸಿ ಕೊಟ್ಟ ಅಂಗಡ್ಯಾಂವ. ಜೋರ ಆಗತೈತಿ ಅಂದ.’

‘ಕೆಂಪು ಅಂದ್ರ ಎಲ್ಲಾಕ್ಕಿಂತ ಕಡಕ್ ವಿಷ ರಿ. ಹೊಡದ ಮ್ಯಾಲ ಎಷ್ಟು ದಿನ ಬೆಳಿ ಕೀಳಬಾರದು ಅಂತ ಡಬ್ಬಿ ಜೋಡಿ ಚೀಟಿ ಕೊಟ್ಟಿರತಾರ. ಓದೀರೇನ್ರಿ?’

‘ಅಷ್ಟು ಸಣ್ಣ ಅಕ್ಷರ ಯಾರ ಓದತಾರ?’ ಎಂದರು ಕಲ್ಯಾಣಪ್ಪ. ಕಾರ್ಖಾನೆಯಲ್ಲಿ ಯಂತ್ರದ ಮೇಲಿನ ಸೂಚನೆ ಓದದವರಿಗೆ ದಂಡ ಹಾಕುತ್ತಿದ್ದ ಮನುಷ್ಯ ಇವರೇ.

‘ತೊಳದು ತಿಂದ್ರ?’ ಎಂದು ಶಿವದೇವಿ ಕೇಳಿದಳು.

‘ಮ್ಯಾಲಿಂದು ಸ್ವಲ್ಪ ಹೋದೀತು. ಎಲಿ ಒಳಗ ಇಳದದ್ದು ಹೋಗಂಗಿಲ್ಲ. ಕುದಿಸಿದ್ರೂ ಪೂರಾ ಹೋಗಂಗಿಲ್ಲ. ಈಗ ನಿನ್ನ ಹೊಟ್ಟ್ಯಾಗ ಇನ್ನೊಂದು ಜೀವ ಐತಿ, ಶಿವಕ್ಕ. ಬ್ಯಾಡ.’

ಕಲ್ಯಾಣಪ್ಪನವರ ಅಕ್ಕ ಗಂಗೂಬಾಯಿ ಇಷ್ಟಕ್ಕೇ ಕಾಯುತ್ತಿದ್ದರು. ‘ನಾ ಹೇಳಿದ್ದಿಲ್ಲೇನು? ಸರ್ಕಾರಿ ಗೊಬ್ಬರ, ಎಣ್ಣಿ ಬಂದ ಮ್ಯಾಲ ಭೂಮಿ ಕೆಟ್ಟು ಹೋತು. ನಮ್ಮಪ್ಪ ಏನ ಹೊಡೀತಿದ್ದ? ಎಲ್ಲಾ ಬಿಟ್ಟು ಮೊದಲಿನಂಗ ಮಾಡು ತಮ್ಮಾ.’

‘ಅತ್ತಿ, ಆಗ ಹುಳ ಬಿದ್ರ ಏನ ಉಳೀತಿತ್ರಿ?’ ಎಂದಳು ನಲಿನಿ.

ಗಂಗೂಬಾಯಿ ಬಾಯಿಬಡುಕಿ ಹೌದು, ಸುಳ್ಳುಗಾರ್ತಿ ಅಲ್ಲ. ‘ಒಂದೊಂದು ವರ್ಷ ಬರೇ ಕಡ್ಡಿ ಉಳೀತಿತ್ತು’ ಎಂದು ಒಪ್ಪಿಕೊಂಡರು.

‘ಅದಕ್ಕ ಹೊಸಾದು ಪೂರಾ ಬ್ಯಾಡ ಅನ್ನಂಗಿಲ್ಲ. ಕಾಕಾನ ಬೀಜ ಛಲೋ, ಇಳುವರಿ ಛಲೋ. ತುಂತುರು ಹಾಕಿದ್ದಕ್ಕ ಬ್ಯಾಸಿಗ್ಯಾಗೂ ಇವರ ಬೋರ್ ನಿಂತಿಲ್ಲ. ಎಣ್ಣಿನೂ ಒಮ್ಮೊಮ್ಮೆ ಬೇಕು. ಆದ್ರ ಅತಿ ಆದ್ರ ಅಮೃತನೂ ವಿಷ. ಬೇಕಾಬಿಟ್ಟಿ ಹೊಡದ್ರ ಹುಳ ಅದಕ್ಕ ಹೊಂದಕೋತಾವ, ಜೇನು ಸಾಯ್ತಾವ, ಹಕ್ಕಿ ಸಾಯ್ತಾವ. ಹುಳ ಮರಿ ಇದ್ದಾಗನ ಬೇವಿನ ಬೀಜದ ಕಷಾಯ ಹೊಡೀರಿ. ಹಕ್ಕಿ ಕುಂಡ್ರಾಕ ಅಲ್ಲಲ್ಲಿ ಕೋಲು ನಡ್ರಿ, ಅವು ಹುಳ ಆರಿಸಿ ತಿಂತಾವ. ಅದಕ್ಕೂ ಬಗ್ಗಲಿಲ್ಲ ಅಂದ್ರ ಎಣ್ಣಿ. ಅದೂ ಹೇಳಿದಷ್ಟ.’

ಕಲ್ಯಾಣಪ್ಪನವರಿಗೆ ಇದೆಲ್ಲ ತಲೆಗೆ ಹೋಯಿತು, ಮನಸ್ಸಿಗೆ ಹೋಗಲಿಲ್ಲ. ‘ಇಷ್ಟು ವರ್ಷ ತಿಂದೀವಿ, ಯಾರಿಗೆ ಏನಾಗೇತಿ? ಮಗಳಿಗೆ ಬ್ಯಾಡ ಅಂತೀನಿ, ಆತು. ಬಂದ ಮಂದಿಗೆ ಏನ ಹೇಳ್ಲಿ? ಕಲ್ಯಾಣಪ್ಪನ ಹೊಲದಾಗ ವಿಷ ಐತಿ ಅಂತ ಹೇಳ್ಲೇನು?’

‘ಹೌದ್ರಿ. ಹಂಗ ಹೇಳ್ರಿ’ ಎಂದಳು ನಲಿನಿ.

ಮರುದಿನ ಕಲ್ಯಾಣಪ್ಪ ಸ್ಕೂಟರು ಹತ್ತಿ ಹೊಲಕ್ಕೆ ಹೋದರು. ಕಡಲೆಯ ಸುತ್ತ ಹಗ್ಗ ಕಟ್ಟಿಬಿಟ್ಟರೆ, ಕಾರಣ ಹೇಳದೆಯೇ ಮಂದಿಯನ್ನು ದೂರ ಇಡಬಹುದು ಎಂಬುದು ಅವರ ಜಾಣತನ.

ಪಕ್ಕದ ತುಂಡಿನಲ್ಲಿ ಅವರದೇ ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸರು ಕೆಲಸ ಮುಗಿಸಿ ಹೊರಟಿದ್ದರು. ಮುಂದೆ ಇದ್ದವಳು ಪೋಚಮ್ಮ. ಎಲ್ಲರ ಸೆರಗಿನಲ್ಲೂ ಕಡಲೆ ಸೊಪ್ಪು. ಕೆಲಸಕ್ಕೆ ಬಂದವರು ಹೋಗುವಾಗ ಒಂದು ಹಿಡಿ ಸೊಪ್ಪು ಒಯ್ಯುವುದು ಹೊಲದ ರಿವಾಜು, ಯಾರೂ ಬೇಡ ಅನ್ನುವುದಿಲ್ಲ. ಮಗಳ ಚಿಂತೆಯಲ್ಲಿ, ಮಾನದ ಚಿಂತೆಯಲ್ಲಿ ಕಲ್ಯಾಣಪ್ಪನವರಿಗೆ ಇವರ ನೆನಪೇ ಬಂದಿರಲಿಲ್ಲ.

‘ಅದನ್ನು ಇಲ್ಲೇ ಹಾಕಿ’ ಎಂದು ತೆಲುಗಿನಲ್ಲಿ ಹೇಳಿದರು.

ಪೋಚಮ್ಮ ನಿಂತಳು. ‘ಪಿಡಿಕೆಡು ಆಕುಕು ಕೂಡಾ ಲೆಕ್ಕನಾ, ಪಟೇಲಾ?’ ಎಂದಳು. ಒಂದು ಹಿಡಿ ಸೊಪ್ಪಿಗೂ ಲೆಕ್ಕವೇ ಎಂಬ ಮಾತು ಕೇಳಿ ಉಳಿದವರು ಮುಖ ತಿರುಗಿಸಿದರು. ಜಿಪುಣ ಎನ್ನಿಸಿಕೊಂಡು ಸುಮ್ಮನಾಗುವುದು ಸುಲಭವಿತ್ತು.

ಆದರೂ ಕಲ್ಯಾಣಪ್ಪ ಬಾಯಿಬಿಟ್ಟರು. ‘ಲೆಕ್ಕ ಕಾದು, ಪೋಚಮ್ಮಾ. ಮಂದು ಕೊಟ್ಟಿಂಚಿನ. ತಿನೊದ್ದು.’ ಲೆಕ್ಕದ ಮಾತಲ್ಲ, ಔಷಧ ಹೊಡೆಸಿದ್ದೇನೆ, ತಿನ್ನಬೇಡಿ ಎಂದರು.

ಸೊಪ್ಪು ನೆಲಕ್ಕೆ ಬಿತ್ತು. ‘ನಿನ್ನೆ ಯಾಕೆ ಹೇಳಲಿಲ್ಲ?’ ಎಂದು ಪೋಚಮ್ಮ ಕೇಳಿದಳು. ‘ನಿನ್ನೆಯೂ ಒಯ್ದೆವಲ್ಲ. ಮಗಳು ಹಸಿಯಾಗಿಯೇ ತಿಂದಳು. ಬೆಳಗಿನಿಂದ ವಾಂತಿ, ಬಾಯಲ್ಲಿ ಜೊಲ್ಲು. ಬಿಸಿಲು ತಗುಲಿದೆ ಅಂದುಕೊಂಡು ಮಲಗಿಸಿ ಬಂದೆ.’

ಕಲ್ಯಾಣಪ್ಪ ಹಗ್ಗ ಅಲ್ಲೇ ಬಿಸಾಡಿದರು. ಶೆಡ್ಡಿನಲ್ಲಿದ್ದ ಖಾಲಿ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ಪೋಚಮ್ಮನ ಮನೆಗೆ ಹೋಗಿ, ತಾಯಿ ಮಗಳನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಶಂಕರಪಲ್ಲಿಯ ಆಸ್ಪತ್ರೆಗೆ ಓಡಿದರು. ಡಾಕ್ಟರು ಡಬ್ಬಿಯ ಮೇಲಿನ ಹೆಸರು ನೋಡಿದ ಕೂಡಲೇ ಚಿಕಿತ್ಸೆ ಶುರು ಮಾಡಿದರು. ಸಂಜೆಗೆ ಹುಡುಗಿ ಕಣ್ಣು ಬಿಟ್ಟು ನೀರು ಕೇಳಿದಳು. ‘ಡಬ್ಬಿ ತಂದದ್ದು ಒಳ್ಳೆಯದಾಯಿತು’ ಎಂದರು ಡಾಕ್ಟರು. ಆ ಮೆಚ್ಚುಗೆ ಕಲ್ಯಾಣಪ್ಪನವರಿಗೆ ಹೊಡೆದಂತಾಯಿತು.

ಅಮಾವಾಸ್ಯೆಯ ದಿನ ನಾವೆಲ್ಲ ಹೊಲಕ್ಕೆ ಹೋದಾಗ ಅವರು ಬದುವಿನ ಮೇಲೆ ನಿಂತಿದ್ದರು. ಚೀಲ ಇಳಿಸುವ ಮೊದಲೇ ಕೈಮುಗಿದು ಹೇಳಿದರು: ‘ಈ ಸಲ ಯಾರೂ ಒಂದು ಎಲಿನೂ ಹರೀಬ್ಯಾಡ್ರಿ. ನಾ ಎಣ್ಣಿ ಹೊಡಸೀನಿ. ಹೇಳದ ಇದ್ದದ್ದಕ್ಕ ಒಂದು ಕೂಸು ಸಾಯೂದಿತ್ತು.’

ಯಾರೋ ಗೊಣಗಿದರು. ಗಂಗೂಬಾಯಿ ಅವರ ಕಡೆ ತಿರುಗಿ, ‘ಅಂವ ಹೇಳ್ಯಾನಲ್ಲ, ಹೇಳದವರು ಎಷ್ಟು ಮಂದಿ ಅದಾರ ಎಣಸ್ರಿ’ ಎಂದು ಬಾಯಿ ಮುಚ್ಚಿಸಿದರು. ಶಿವದೇವಿ ಬೇಸರಪಡದೆ ರೊಟ್ಟಿ, ಭಜ್ಜಿ ಉಂಡಳು. ಅಲ್ಲೇ ಕುಳಿತು ತಂದೆ ಮಗಳು ತೀರ್ಮಾನ ಮಾಡಿದರು: ಮುಂದಿನ ವರ್ಷದಿಂದ ತಿನ್ನುವ ಸೊಪ್ಪಿಗೆ ಬೇರೆ ಮಡಿ, ದೂರದಲ್ಲಿ, ಅದಕ್ಕೆ ಬೇವಿನ ಕಷಾಯ ಮಾತ್ರ. ಉಳಿದ ಹೊಲಕ್ಕೆ ಔಷಧ ಹೊಡೆಸಿದ ದಿನ ಕೆಲಸದವರಿಗೆ ಮೊದಲು ತಿಳಿಸಬೇಕು, ನೆಂಟರಿಗೆ ಆಮೇಲೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಒಳ್ಳೆಯ ಬೀಜ ಬಿತ್ತಿ, ನೀರು ಉಳಿಸುವ ಸಾಧನ ಹಾಕಿ, ಹೊಸದನ್ನು ಕಲಿಯಿರಿ. ಔಷಧ ಬೇಕೇ ಬೇಕಾದರೆ ಚೀಟಿ ಓದಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಬೆರಕೆ ಮಾಡಬೇಡಿ. ಕಾಯಬೇಕಾದಷ್ಟು ದಿನ ಕಾಯಿರಿ. ಯಾರಿಗಾದರೂ ವಾಂತಿ, ತಲೆಸುತ್ತು ಬಂದರೆ ಡಬ್ಬಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಎಲ್ಲಕ್ಕಿಂತ ಮೊದಲು, ಹೊಡೆಸಿದ ದಿನವೇ ಬಾಯಿಬಿಟ್ಟು ಹೇಳಿ. ನಿಮ್ಮ ಹೊಲದ ಹೆಸರು ಕೆಟ್ಟರೆ ಮತ್ತೆ ಗಳಿಸಬಹುದು. ‘ನಿನ್ನೆ ಯಾಕೆ ಹೇಳಲಿಲ್ಲ?’ ಎಂದು ಒಬ್ಬ ತಾಯಿ ಕೇಳಿದರೆ ಕೊಡಲು ಯಾರ ಬಳಿಯೂ ಉತ್ತರವಿಲ್ಲ.